ಖಾರ ಬೀಸಿದ ಮರುದಿನ

ಗಿರಣಿಯಕ್ಕ ಹಿಟ್ಟಿನ ಗಿರಣಿ ಕೊಂಡು ಒಂದು ವರ್ಷವಾಗಿತ್ತು. ಅವಳ ಅತ್ತೆ ಆ ಗಿರಣಿಯ ಹೊಸ್ತಿಲು ತುಳಿಯದೆಯೂ ಅಷ್ಟೇ ದಿನವಾಗಿತ್ತು. ಮನೆಯಿಂದ ಎರಡು ತಿರುವು ದಾಟಿದರೆ ಸೊಸೆಯ ಗಿರಣಿ. ಅತ್ತೆ ಮಾತ್ರ ಅಕ್ಕಿಯ ಚೀಲ ಸೊಂಟಕ್ಕೇರಿಸಿಕೊಂಡು, ಮಂಡಿನೋವನ್ನು ಶಪಿಸುತ್ತ, ಅರ್ಧ ಗಂಟೆ ನಡೆದು ಸೇತುವೆಯಾಚೆಯ ಗಿರಣಿಯಲ್ಲಿ ಹಿಟ್ಟು ಮಾಡಿಸಿಕೊಂಡು ಬರುತ್ತಿದ್ದರು. ಅದೂ ಸುಮ್ಮನೆ ಹೋಗುತ್ತಿದ್ದರೇ? ಸೊಸೆಯ ಗಿರಣಿಯ ಮುಂದೆಯೇ ಹಾದು, ಅಲ್ಲಿ ಕೂತ ಗಿರಾಕಿಗಳಿಗೆಲ್ಲ ಕಾಣುವ ಹಾಗೆ ಚೀಲವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡು ಹೋಗುತ್ತಿದ್ದರು.

ಸಿಟ್ಟಿಗೆ ಕಾರಣ ಒಂದೇ. ಸೊಸೆ ಗಿರಣಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು. ಅದೇ ಗಿರಣಿಯಲ್ಲಿ ಒಂಬತ್ತು ವರ್ಷ ಕಸ ಗುಡಿಸಿ, ತೂಕ ಹಾಕಿ, ಹಳೆಯ ಮಾಲೀಕನಿಂದ ಸವೆದ ಬೀಸುವ ಕಲ್ಲಿಗೆ ಉಳಿಯ ಏಟು ಹಾಕುವುದನ್ನೂ ಬೆಲ್ಟ್ ಬಿಗಿ ಮಾಡುವುದನ್ನೂ ಕಲಿತವಳು ಅವಳು. ಮುದುಕನಿಗೆ ಕೈಲಾಗದೆ ಮಾರಲು ಹೊರಟಾಗ ಮೊದಲು ಕೇಳಿದ್ದೂ ಅವಳನ್ನೇ. ಗಂಡ ಲಾರಿ ಓಡಿಸುವವನು, ಹತ್ತು ದಿನದಲ್ಲಿ ಎಂಟು ದಿನ ರಸ್ತೆಯ ಮೇಲೆ. "ನನಗೆ ಲಾರಿ ಚಕ್ರನೇ ಸಾಕು, ಗಿರಣಿ ಚಕ್ರ ನಿನಗಿರಲಿ" ಎಂದು ನಕ್ಕು ಹೋಗಿದ್ದ. ನಗದವರು ಅತ್ತೆ ಒಬ್ಬರೇ.

"ಅವನ ಹೆಸರಲ್ಲಿ ತಗೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಕೇಳಿದ್ದರು.

"ನನ್ನ ಗಂಟೇ ಹೋಗ್ತಿತ್ತು, ಅತ್ತೆ" ಎಂದಿದ್ದಳು ಗಿರಣಿಯಕ್ಕ. ಕೂಡಿಟ್ಟ ಹಣವೆಲ್ಲ ಅವಳದೇ ಆಗಿತ್ತು, ಮಾತು ತಪ್ಪಲ್ಲ. ಆದರೆ ಸರಿಯಾದ ಮಾತನ್ನು ಅತ್ತೆಯ ಎದುರು ಆಡುವುದೇ ಒಂದು ತಪ್ಪು ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಅಂದೇ ಅತ್ತೆ ಶಪಥ ಮಾಡಿದರು: ಆ ಗಿರಣಿಯ ಹಿಟ್ಟು ನನ್ನ ಗಂಟಲಲ್ಲಿ ಇಳಿಯಲ್ಲ. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಹಿಟ್ಟಿನ ಡಬ್ಬಿ.

ಆ ಗಿರಣಿಗೆ ಈಗ ಒಂದು ಗಂಡಾಂತರ, ಒಂದು ಅದೃಷ್ಟ ಒಟ್ಟಿಗೇ ಬಂದಿದ್ದವು. ಮುಖ್ಯರಸ್ತೆಯಲ್ಲಿ ಪೊಟ್ಟಣದ ಹಿಟ್ಟು ಮಾರುವ ದೊಡ್ಡ ಅಂಗಡಿಗಳು ಎರಡು ತೆರೆದು, ಗಿರಾಕಿಗಳು ಅರ್ಧಕ್ಕೆ ಇಳಿದಿದ್ದರು. ಹೀಗೇ ನಡೆದರೆ ಆರು ತಿಂಗಳಲ್ಲಿ ಬಾಗಿಲು ಹಾಕಿ ಮತ್ತೆ ಯಾರದೋ ಅಂಗಡಿಯಲ್ಲಿ ಕಸ ಗುಡಿಸಬೇಕು. ಅದೃಷ್ಟ ಬಂದದ್ದು ಸರ್ಕಾರಿ ಆಸ್ಪತ್ರೆಯಿಂದ. ಮಕ್ಕಳ ವಾರ್ಡಿಗೆ ಗಂಜಿ ಹಿಟ್ಟು ಬೇಕಿತ್ತು. ಹುರಿದ ಗೋಧಿ, ಅಕ್ಕಿ, ಹೆಸರುಕಾಳು ಸೇರಿಸಿ ನುಣ್ಣಗೆ ಬೀಸಿದ್ದು. ಮೂರು ವಾರ ನೋಡುತ್ತೇವೆ, ಸರಿಬಂದರೆ ಒಂದು ವರ್ಷದ ಕೆಲಸ ಎಂದಿದ್ದರು ಅಲ್ಲಿನ ಊಟದ ಮೇಡಂ. ರೋಗಿಗಳ ಪಥ್ಯ ನೋಡುವ ಅಧಿಕಾರಿ ಅವರು. ಆಸ್ಪತ್ರೆಯಲ್ಲೆಲ್ಲ ಅವರಿಗೆ ಅದೇ ಹೆಸರು. ಎರಡು ವಾರದ ಹಿಟ್ಟು ಸರಿಬಂದಿತ್ತು. ಉಳಿದಿದ್ದು ಒಂದು ವಾರದ್ದು. ಆ ಒಂದು ವಾರದ ಕತೆಯೇ ಇದು.

ಒಂದೇ ಜೊತೆ ಕಲ್ಲಿರುವ ಗಿರಣಿಗೆ ಒಂದು ಕಟ್ಟಳೆ ಇದೆ. ಮೆಣಸಿನಕಾಯಿಯನ್ನು ದಿನದ ಕೊನೆಗೇ ಬೀಸಬೇಕು. ಬೀಸಿದ ಮೇಲೆ ಕಲ್ಲಿನ ಗೀರುಗಳಲ್ಲಿ ಖಾರ ಕೂತಿರುತ್ತದೆ, ಮುಂದೆ ಏನು ಸುರಿದರೂ ಅದಕ್ಕೆ ಹತ್ತುತ್ತದೆ. ಅದಕ್ಕೇ ಮರುದಿನ ಬೆಳಿಗ್ಗೆ, ಕಲ್ಲು ತಣ್ಣಗಾದ ಮೇಲೆ, ಒಂದು ಸೇರು ನುಚ್ಚಕ್ಕಿ ಹಾಕಿ ಬೀಸಿ, ಬಂದ ಕೆಂಪು ಹಿಟ್ಟನ್ನು ಆಚೆಗೆ ಸುರಿಯಬೇಕು. ಒಂದು ಹನಿ ನೀರು ಮುಟ್ಟಿಸದಿದ್ದರೂ ಗಿರಣಿಯವರು ಇದಕ್ಕೆ ಕಲ್ಲು ತೊಳೆಯುವುದು ಎನ್ನುತ್ತಾರೆ. ಮರೆತುಹೋಗಬಾರದೆಂದು ಗಿರಣಿಯಕ್ಕ ಹಿಂದಿನ ಸಂಜೆಯೇ ನುಚ್ಚನ್ನು ಅಳೆದು ಒಂದು ತಗಡಿನ ಡಬ್ಬಿಗೆ ತುಂಬಿ ಯಂತ್ರದ ಪಕ್ಕದ ಗೂಡಿನಲ್ಲಿಡುತ್ತಿದ್ದಳು. ಡಬ್ಬಿ ಖಾಲಿಯಿದ್ದರೆ ಕಲ್ಲು ತೊಳೆದಾಗಿದೆ, ತುಂಬಿದ್ದರೆ ಇಲ್ಲ.

ಆ ಬುಧವಾರ ಸಂಜೆ ಒಂದು ಹೋಟೆಲಿನವರ ಹತ್ತು ಕಿಲೋ ಮೆಣಸಿನಕಾಯಿ ಬೀಸಿ, ಸೀನಿ ಸೀನಿ ಸಾಕಾಗಿ, ಡಬ್ಬಿ ತುಂಬಿಟ್ಟು ಮನೆಗೆ ಬಂದಳು. ಗುರುವಾರ ಆರು ಗಂಟೆಗೇ ಎದ್ದು ಆಸ್ಪತ್ರೆಗೆಂದು ಹುರಿಸಲು ಕೊಟ್ಟಿದ್ದ ಕಾಳು ತರಲು ಸಗಟು ಮಾರುಕಟ್ಟೆಗೆ ಹೋದಳು. ತಳ್ಳುಗಾಡಿಯಲ್ಲಿ ಚೀಲಗಳನ್ನು ಹಾಕಿಕೊಂಡು ಎಂಟರ ಹೊತ್ತಿಗೆ ಮನೆ ದಾಟುವಾಗ ಬೀಗದ ಕೈ ತೆಗೆದುಕೊಳ್ಳಲು ಒಳಗೆ ಹೋದರೆ, ಅತ್ತೆ ಮೂಗು ಒರೆಸಿಕೊಳ್ಳುತ್ತ ಕೂತಿದ್ದರು.

"ಶೀತ ಆಗಿದೆಯಾ ಅತ್ತೆ?"

"ಆಗಿದ್ರೆ ನಿನಗೇನು? ನಿನ್ನ ಕೆಲಸ ನೋಡಿಕೋ."

ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ಬಂದ ಉತ್ತರ. ಇಂಥ ಉತ್ತರಗಳಿಗೆ ಅವಳು ಒಗ್ಗಿಹೋಗಿದ್ದಳು. ಗಿರಣಿಯ ಬಾಗಿಲು ತೆಗೆಯುವಷ್ಟರಲ್ಲಿ ಎದುರಿನ ಛತ್ರಿ ರಿಪೇರಿಯವನು ಕೂಗಿ ಹೇಳಿದ: "ಅಕ್ಕಾ, ಹತ್ತು ಗಂಟೆಯಿಂದ ಕರೆಂಟ್ ಇಲ್ಲವಂತೆ, ಸಂಜೆವರೆಗೂ!"

ಹತ್ತೂವರೆಗೆ ಆಸ್ಪತ್ರೆಯ ವ್ಯಾನು. ನಲವತ್ತು ಕಿಲೋ ಬೀಸಬೇಕು, ಜರಡಿ ಹಿಡಿಯಬೇಕು, ಚೀಲ ತುಂಬಬೇಕು. ಅವಳು ಹಿಂದೆ ಮುಂದೆ ನೋಡದೆ ಹುರಿದ ಕಾಳನ್ನು ಯಂತ್ರದ ಬಾಯಿಗೆ ಸುರಿದು ಸ್ವಿಚ್ಚು ಹಾಕಿದಳು. ಕರೆಂಟು ಹೋಗಲು ನಾಲ್ಕು ನಿಮಿಷ ಇರುವಾಗ ಕೊನೆಯ ಹಿಡಿ ಇಳಿಯಿತು. ವ್ಯಾನು ಬಂತು, ಎಂಟು ಚೀಲ ಹೋಯಿತು. ಗಿರಣಿಯಕ್ಕ ಪೊರಕೆ ಹಿಡಿದು, ಗೆದ್ದೆ ಎಂದುಕೊಂಡು, ಗೂಡಿನ ಕಡೆ ನೋಡಿದಳು.

ಡಬ್ಬಿ ತುಂಬಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆತುರಗಾರ್ತಿಗೂ ಅಷ್ಟೇ. ಪೊರಕೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ನೋಡಿದಳು, ಯಾರಾದರೂ ಮತ್ತೆ ತುಂಬಿಸಿಟ್ಟಿರಬಹುದೇನೋ ಎಂಬಂತೆ. ಅವಳೇ ಅಳೆದ ನುಚ್ಚು, ಒಂದು ಕಾಳೂ ಕದಲಿಲ್ಲ. ಹತ್ತು ಕಿಲೋ ಮೆಣಸಿನಕಾಯಿ ಅರೆದ ಕಲ್ಲಿನ ಮೇಲೆ ಅವಳು ಕಾಯಿಲೆ ಬಿದ್ದ ಮಕ್ಕಳ ಗಂಜಿ ಬೀಸಿದ್ದಳು. ಬಾಯಿಹುಣ್ಣಾದ ಮಕ್ಕಳು, ಭೇದಿಯಾಗಿ ಕರುಳು ಸೋತ ಮಕ್ಕಳು. ಅವರಿಗೆ ಗಂಜಿ ಕೊಡುವುದು ಹನ್ನೆರಡು ಗಂಟೆಗೆ.

ಹೊತ್ತಲ್ಲದ ಹೊತ್ತಿನಲ್ಲಿ ಅವಳು ಬಾಗಿಲಿಗೆ ಬೀಗ ಹಾಕುವುದನ್ನು ನೋಡಿ ಛತ್ರಿಯವನು ಎದ್ದು ಬಂದ. ವಿಷಯ ಕೇಳಿ, ಅತ್ತ ಇತ್ತ ನೋಡಿ, ದನಿ ತಗ್ಗಿಸಿದ.

"ಸುಮ್ಮನಿದ್ದುಬಿಡು ಅಕ್ಕಾ. ಯಾರಾದ್ರೂ ಕೇಳಿದ್ರೆ ನಂದಲ್ಲ ಅನ್ನು. ಹಿಟ್ಟಿನ ಮೇಲೆ ನಿನ್ನ ಹೆಸರು ಬರೆದಿದೆಯಾ?"

"ಬರೆದಿದೆ. ಪ್ರತಿ ಚೀಲದ ಮೇಲೂ ಮುದ್ರೆ ಹೊಡೆದಿದ್ದೀನಿ."

"ಅಯ್ಯೋ! ಯಾಕೆ ಹೊಡೆಯೋಕೆ ಹೋದೆ?"

ಅವಳಿಗೆ ಹೊಡೆಯುವಾಗ ಬಹಳ ಖುಷಿಯಾಗಿತ್ತು, ಅಷ್ಟೇ.

ಬಸ್ಸಿನಲ್ಲಿ ಅವಳಿಗೆ ಕೂರಲಾಗಲಿಲ್ಲ, ನಿಂತೇ ಹೋದಳು. ಒಂದು ವರ್ಷದ ಕೆಲಸ ಹೋಯಿತು ಎಂಬುದು ಅವಳಿಗೆ ಗಿರಣಿಯ ಬಾಗಿಲಲ್ಲೇ ಗೊತ್ತಾಗಿತ್ತು. ಹೋಗಲಿ. ಗಿರಣಿಯೂ ಹೋಗಬಹುದು, ಅದನ್ನೂ ಹೋಗಲಿ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ, ಕಣ್ಣಲ್ಲಿ ನೀರು ಬಂತು. ಹನ್ನೆರಡು ಗಂಟೆಯೊಳಗೆ ತಲುಪಿದರೆ ಸಾಕು ಎಂದು ಡ್ರೈವರನ ಬೆನ್ನನ್ನೇ ದಿಟ್ಟಿಸುತ್ತ ನಿಂತಳು. ಆ ಬಸ್ಸೋ, ನಿಲ್ದಾಣ ಕಂಡಲ್ಲೆಲ್ಲ ತವರುಮನೆ ಕಂಡ ಮದುಮಗಳ ಹಾಗೆ ನಿಲ್ಲುತ್ತಿತ್ತು.

ಆಸ್ಪತ್ರೆಯ ಅಡುಗೆಮನೆ ಹಿಂಭಾಗದಲ್ಲಿತ್ತು. ಕಾವಲುಗಾರ ಪಾಸು ಎಲ್ಲಿ ಎಂದು ಕೇಳುತ್ತಿರುವಾಗಲೇ ಅವನ ತೋಳಿನಡಿ ನುಸುಳಿ ಒಳಗೆ ಓಡಿದಳು. ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿದು ಇಳಿದಿತ್ತು. ಅಡುಗೆಯಾಕೆ ಸೌಟು ಹಿಡಿದು ಬಟ್ಟಲುಗಳಿಗೆ ಬಡಿಸುವುದರಲ್ಲಿದ್ದಳು.

"ಬಡಿಸಬೇಡಿ!" ಎಂದು ಗಿರಣಿಯಕ್ಕ ಪಾತ್ರೆಗೂ ಬಟ್ಟಲಿಗೂ ನಡುವೆ ನಿಂತಳು. "ಅದರಲ್ಲಿ ಖಾರ ಇದೆ. ನಂದೇ ತಪ್ಪು."

ಗದ್ದಲ ಕೇಳಿ ಊಟದ ಮೇಡಂ ಬಂದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಗಿರಣಿಯಕ್ಕ ಉಸಿರು ಬಿಡದೆ ಎಲ್ಲ ಹೇಳಿದಳು: ಹೋಟೆಲಿನ ಮೆಣಸಿನಕಾಯಿ, ಕರೆಂಟು, ತುಂಬಿದ ಡಬ್ಬಿ. ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಮೇಡಂ ಒಂದು ಚಮಚ ಗಂಜಿ ತೆಗೆದು ಊದಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ನಾಲಗೆಯ ಮೇಲೇ ಇಟ್ಟುಕೊಂಡು ನುಂಗಿದರು.

"ಖಾರ ಇಲ್ಲವಲ್ಲ."

"ಇದೆ ಮೇಡಂ. ಇರಲೇಬೇಕು."

ಅಡುಗೆಯಾಕೆ ರುಚಿ ನೋಡಿದಳು. ಇಲ್ಲ. ಕಾವಲುಗಾರನೂ ನೋಡಿದ, ಇನ್ನೊಂದು ಚಮಚ ಕೇಳಿದ. ಗಿರಣಿಯಕ್ಕ ನಂಬಲಿಲ್ಲ. ಎಂಟೂ ಚೀಲ ಬಿಚ್ಚಿಸಿ, ಒಂದೊಂದರಿಂದ ಒಂದು ಚಿಟಿಕೆ ಹಿಟ್ಟು ನಾಲಗೆಗೆ ಹಾಕಿಕೊಂಡಳು. ಮೊದಲು ಬೀಸಿದ ಚೀಲವಂತೂ ಸುಡಬೇಕಿತ್ತು. ಸುಡಲಿಲ್ಲ. ಹುರಿದ ಗೋಧಿಯ ಘಮ, ಹೆಸರಿನ ಸಣ್ಣ ಸಿಹಿ, ಅಷ್ಟೇ. ಹೋದ ಜೀವ ಬಂದ ಹಾಗಾಯಿತು. ಅಲ್ಲೇ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. ಬಟ್ಟಲುಗಳು ವಾರ್ಡಿನ ಕಡೆ ಹೊರಟವು.

"ತನ್ನ ಮೇಲೆ ತಾನೇ ದೂರು ಹೇಳೋಕೆ ಓಡಿಬಂದವರನ್ನ ಇವತ್ತೇ ನೋಡಿದ್ದು" ಎಂದರು ಮೇಡಂ. ಗಿರಣಿಯಕ್ಕ ನಗಲು ಬಾಯಿ ತೆರೆದಳು. ಆದರೆ ಮೇಡಂ ನಗುತ್ತಿರಲಿಲ್ಲ.

"ನೀವು ಕಲ್ಲು ತೊಳೆದಿಲ್ಲ ಅಂತೀರಿ. ಹಿಟ್ಟು ನೋಡಿದ್ರೆ ಚೊಕ್ಕಟವಾಗಿದೆ. ಹೇಗೆ ಚೊಕ್ಕಟ ಆಯ್ತು ಅಂತ ನಿಮಗೇ ಗೊತ್ತಿಲ್ಲ ಅಂದ್ರೆ, ಮುಂದಿನ ಸಲ ಆಗುತ್ತೆ ಅಂತ ನಾನು ಹೇಗೆ ನಂಬಲಿ? ಅದೃಷ್ಟ ನಂಬಿಕೊಂಡು ನಾನು ಮಕ್ಕಳಿಗೆ ಊಟ ಹಾಕೋಕಾಗಲ್ಲ. ನಾಲ್ಕು ಗಂಟೆಗೆ ನಿಮ್ಮ ಕಾಗದ ಆಫೀಸಿಗೆ ಹೋಗಬೇಕು. ಅಷ್ಟರಲ್ಲಿ ಕಾರಣ ತಂದುಕೊಡಿ. ಇಲ್ಲದಿದ್ರೆ ಬೇಡ ಅಂತ ಬರೆಯಬೇಕಾಗುತ್ತೆ."

ನ್ಯಾಯವಾದ ಮಾತು. ಅದಕ್ಕೇ ಇನ್ನೂ ಕಷ್ಟವಾಯಿತು. ಗಿರಣಿಗೆ ಹೋಗಿ ನೋಡೋಣವೆಂದರೆ ಕರೆಂಟಿಲ್ಲ, ಕತ್ತಲೆ. ಆದರೂ ಹೋಗಿ ಕಲ್ಲಿನ ಸುತ್ತ ಬೆರಳಾಡಿಸಿ ಬಂದಳು, ಏನೂ ತಿಳಿಯಲಿಲ್ಲ. ಮೆಣಸಿನಕಾಯಿ ಬೀಸಿದ್ದು ಕನಸೇ? ಸೀನಿದ ಗಂಟಲು ಇನ್ನೂ ನೋಯುತ್ತಿತ್ತು. ಎರಡು ಗಂಟೆಗೆ ಮನೆಗೆ ಬಂದಾಗ ಹಸಿವು, ಬಳಲಿಕೆ, ಕಾರಣವಿಲ್ಲದ ಸಿಟ್ಟು, ಮೂರೂ ಒಟ್ಟಿಗೆ.

ಅತ್ತೆ ಬೆಂಚಿನ ಮೇಲೆ ಒದ್ದೆ ಬಟ್ಟೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ನೀರಿನ ಚೊಂಬು, ಅದೂ ಖಾಲಿ. ಕಣ್ಣು ಕೆಂಪಗೆ. ಒಲೆಯ ಮೇಲೆ ಅತ್ತೆಯ ಗಂಜಿ ಸ್ವಲ್ಪ ಉಳಿದಿತ್ತು. ಕೇಳಿ ತಿನ್ನುವ ಚೈತನ್ಯ ಗಿರಣಿಯಕ್ಕನಿಗಿರಲಿಲ್ಲ. ಒಂದು ಬಟ್ಟಲಿಗೆ ಸುರಿದುಕೊಂಡು ದೊಡ್ಡದೊಂದು ಗುಟುಕು ಕುಡಿದಳು.

ಬಾಯಿಗೆ ಬೆಂಕಿ ಬಿದ್ದಂತಾಯಿತು. ಕೆಮ್ಮಿ, ಕಣ್ಣೀರು ಸುರಿಸಿ, ಮಡಕೆಯ ನೀರು ಮೊಗೆದು ಕುಡಿದು ತಿರುಗಿದರೆ, ಅತ್ತೆ ಗೋಡೆಯ ಮೇಲಿನ ಬಿರುಕೊಂದನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

"ಏನು ಅತ್ತೆ ಇದು?"

"ನಾನೇನು ಮಾಡಿದೆ? ನಾನೆಲ್ಲಿ ಹೋಗಿದ್ದೆ?" ಎಂದರು ಅತ್ತೆ. ಎಲ್ಲಿ ಹೋಗಿದ್ದಿರಿ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ಇದಕ್ಕೇ.

ಗಿರಣಿಯಕ್ಕ ಅತ್ತೆಯ ಹಿಟ್ಟಿನ ಡಬ್ಬಿ ತೆರೆದಳು. ಒಳಗಿದ್ದ ಅಕ್ಕಿ ಹಿಟ್ಟು ನಸುಗೆಂಪು. ಅವಳಿಗೆ ಒಮ್ಮೆಗೇ ಎಲ್ಲ ಹೊಳೆಯಿತು.

"ನೀವು ಇವತ್ತು ಬೆಳಿಗ್ಗೆ ಗಿರಣಿಗೆ ಹೋಗಿ ಹಿಟ್ಟು ಬೀಸಿಕೊಂಡ್ರಾ?"

ಅತ್ತೆ ಒದ್ದೆ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದರು. "ಸೇತುವೆ ಆಚೆ ಗಿರಣಿ ಮೋಟರು ಸುಟ್ಟು ಮೂರು ದಿನ ಆಯ್ತು. ಡಬ್ಬಿ ಖಾಲಿ. ನಿನ್ನನ್ನ ಕೇಳಬೇಕಿತ್ತಾ ನಾನು? ನೀನು ಮಾರುಕಟ್ಟೆಗೆ ಹೋದ ಮೇಲೆ ಬೀಗದ ಕೈ ತಗೊಂಡು ಹೋದೆ. ಮೂರು ಸೇರು ಬೀಸಿದೆ, ಬಂದೆ. ಹಾಳು ಹಿಟ್ಟು! ಇಂಥ ಖಾರದ ಹಿಟ್ಟು ಜನಕ್ಕೆ ಕೊಡ್ತೀಯಲ್ಲ, ಯಾರೂ ಬೈಯಲ್ವಾ ನಿನಗೆ?"

"ಖಾರ ಇದ್ರೂ ಕುಡಿದ್ರಾ?"

"ಬಿಸಾಡಿದ್ರೆ ನೀನು ನೋಡ್ತಿದ್ದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೇವೆ. ಕಣ್ಣು ಮುಚ್ಚಿ ಮೆಣಸಿನ ಗಂಜಿ ಕುಡಿದ ಅತ್ತೆಯನ್ನು ಗಿರಣಿಯಕ್ಕ ಆವತ್ತು ಕಂಡಳು. ಹಟಕ್ಕೆ ಬಿದ್ದು ಎರಡು ಬಟ್ಟಲು ಕುಡಿದಿದ್ದರಂತೆ. ಗಿರಣಿಯಕ್ಕ ನಗಲು ಶುರುಮಾಡಿದವಳು ನಿಲ್ಲಿಸಲಾಗದೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಳು ಬಂತು. ಅತ್ತೆಗೆ ಗಾಬರಿಯಾಯಿತು. ಆಗ ಅವಳು ಬೆಳಗಿನಿಂದ ನಡೆದಿದ್ದನ್ನೆಲ್ಲ ಹೇಳಿದಳು. ಮಕ್ಕಳ ಗಂಜಿಗೆ ಬರಬೇಕಿದ್ದ ಖಾರವನ್ನೆಲ್ಲ ಅತ್ತೆಯ ಮೂರು ಸೇರು ಅಕ್ಕಿ ಮೊದಲೇ ಹೊತ್ತುಕೊಂಡು ಬಂದಿತ್ತು.

"ಸ್ವಿಚ್ಚು ಹಾಕೋದು ಯಾರು ಹೇಳಿಕೊಟ್ರು?" ಎಂದು ಕೇಳಿದಳು ಕೊನೆಗೆ.

"ಒಂದು ವರ್ಷ ನಿನ್ನ ಬಾಗಿಲ ಮುಂದೇನೇ ಓಡಾಡಿದ್ದೀನಿ, ಕಣ್ಣಿಲ್ವಾ ನನಗೆ? ಮೊದಲು ಮೇಲಿಂದು, ಆಮೇಲೆ ಕೆಂಪುದು. ಬೆಲ್ಟ್ ಹತ್ತಿರ ಹೋಗಬಾರದು." ಹೇಳುವಾಗ ಅತ್ತೆಯ ದನಿಯಲ್ಲಿ ಸಣ್ಣದೊಂದು ಜಂಬ ಇಣುಕಿತು, ಕೂಡಲೇ ಒಳಗೆ ಹೋಯಿತು.

ಗಂಟೆ ಎರಡೂ ಮುಕ್ಕಾಲು. ಗಿರಣಿಯಕ್ಕ ಕೆಂಪು ಹಿಟ್ಟನ್ನು ಒಂದು ಪೊಟ್ಟಣಕ್ಕೆ ಕಟ್ಟಿದಳು. "ಅತ್ತೆ, ನೀವೂ ಬರಬೇಕು. ನಾನೊಬ್ಬಳೇ ಹೇಳಿದ್ರೆ ಕಟ್ಟುಕತೆ ಅಂತಾರೆ."

"ನಾನು ಬಂದು ಏನಂತ ಹೇಳಲಿ? ಸೊಸೆ ಇಲ್ಲದಾಗ ಕದ್ದು ಬೀಸಿದೆ ಅಂತಲಾ? ಒಂದು ವರ್ಷದಿಂದ ಬೀದಿಗೆಲ್ಲ ಏನು ಹೇಳಿಕೊಂಡು ಬಂದಿದ್ದೀನಿ, ಗೊತ್ತಲ್ಲ."

"ಗೊತ್ತು. ಅದಕ್ಕೇ ಬಲವಂತ ಮಾಡಲ್ಲ" ಎಂದಳು. ಅವಳಿಗೆ ಕೋಪವಿರಲಿಲ್ಲ, ಹೊತ್ತೂ ಇರಲಿಲ್ಲ. ಪೊಟ್ಟಣ ಹಿಡಿದು ಚಪ್ಪಲಿ ಮೆಟ್ಟಿದಳು. ತಿರುವಿನವರೆಗೆ ಹೋಗಿರಬೇಕು. ಹಿಂದಿನಿಂದ ಏದುಸಿರು ಕೇಳಿತು.

"ಬಸ್ಸಾ, ನಡೆಯೋದಾ?" ಎಂದರು ಅತ್ತೆ. "ನಡೆಯೋದಾದ್ರೆ ನಾನು ಬರಲ್ಲ."

ಊಟದ ಮೇಡಂ ಕೋಣೆಯಲ್ಲಿ ಅತ್ತೆ ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತ, ಎಲ್ಲವನ್ನೂ ಒಪ್ಪಿಸಿದರು. ಏನೂ ಮುಚ್ಚಿಡಲಿಲ್ಲ: ಶಪಥ, ಸೇತುವೆಯಾಚೆಯ ಗಿರಣಿ, ಬೀಗದ ಕೈ, ಎರಡು ಬಟ್ಟಲು ಗಂಜಿ. ಮೇಡಂ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ನಾಲಗೆಗೆ ಹಾಕಿಕೊಂಡರು. ಮಾತು ಕಡಿಮೆಯ ಆ ಹೆಂಗಸು "ಅಮ್ಮಾ!" ಎಂದು ಕೂಗಿ ನೀರಿಗೆ ಕೈ ಚಾಚಿದರು. ಕಣ್ಣೊರೆಸಿಕೊಂಡ ಮೇಲೆ ಮೊದಲ ಸಲ ನಕ್ಕರು.

"ಕಾರಣ ಸಿಕ್ಕಿತು" ಎಂದು ಕಾಗದ ಎಳೆದುಕೊಂಡರು. ಹಾಗೆಂದು ಸುಮ್ಮನೆ ಬಿಡಲಿಲ್ಲ. ಆಸ್ಪತ್ರೆಯ ಹಿಟ್ಟು ಬೀಸುವ ಹಿಂದಿನ ದಿನ ಖಾರ ಮುಟ್ಟಬಾರದು, ಮೂರು ತಿಂಗಳಲ್ಲಿ ಖಾರಕ್ಕೇ ಬೇರೆ ಕಲ್ಲು ಹಾಕಿಸಬೇಕು ಎಂದು ಬರೆದರು. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು. "ನಿಮಗೆ ಹುಷಾರಿಲ್ಲದ ದಿನ ಗಿರಣಿ ನಡೆಸೋರು ಯಾರು? ಇಲ್ಲಿ ಒಬ್ಬರ ಹೆಸರು ಬೇಕು. ಒಬ್ಬರೇ ಇರೋ ಗಿರಣಿಗೆ ವರ್ಷದ ಕೆಲಸ ಕೊಡೋಕೆ ಆಫೀಸಿನವರು ಒಪ್ಪಲ್ಲ."

ಗಿರಣಿಯಕ್ಕ ಯೋಚಿಸಿದಳು. ಗಂಡನ ಹೆಸರು ಹೇಳಿದರೆ ಸುಳ್ಳಾಗುತ್ತದೆ, ಅವನಿಗೆ ಗಿರಣಿಯ ಸ್ವಿಚ್ಚು ಎಲ್ಲಿದೆಯೆಂದೂ ಗೊತ್ತಿಲ್ಲ. ಬೇರೆ ಯಾರಿದ್ದಾರೆ? ಬೆಳಗಿನಿಂದ ಇಷ್ಟೆಲ್ಲ ದಾಟಿ ಬಂದು ಒಂದು ಖಾಲಿ ಸಾಲಿನಲ್ಲಿ ಮುಗ್ಗರಿಸಬೇಕೇ?

"ನಾನಿದ್ದೀನಲ್ಲ" ಎಂದರು ಅತ್ತೆ, ನೆಲವನ್ನೇ ನೋಡುತ್ತ. "ನಡೆಸೋಕೆ ಬರುತ್ತೆ ಅಂತ ಇವತ್ತು ಗೊತ್ತಾಯ್ತಲ್ಲ. ನನ್ನ ಹೆಸರು ಬರೀರಿ."

ಮೇಡಂ ಗಿರಣಿಯಕ್ಕನ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಒಬ್ಬಳು ಸಹಿ ಹಾಕಿದಳು, ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದರು. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇರುವಾಗ ಕಾಗದ ಆಫೀಸಿಗೆ ಹೋಯಿತು.

ಆಚೆ ಬಂದಾಗ ಬಿಸಿಲು ಇಳಿದಿತ್ತು. ಗಿರಣಿಯಕ್ಕನಿಗೆ ಮೈಯೆಲ್ಲ ಹಗುರ, ಹತ್ತು ಮೈಲಿಯಾದರೂ ನಡೆದುಬಿಡಬಲ್ಲೆ ಅನ್ನಿಸುತ್ತಿತ್ತು. ಅತ್ತೆ ಹೆಬ್ಬೆರಳಿನ ಶಾಯಿಯನ್ನು ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನಡೆಯುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ಬಂದು ತಟ್ಟನೆ ನಿಂತರು.

"ಸಂಬಳ ಎಷ್ಟು ಕೊಡ್ತೀಯಾ?"

ಗಿರಣಿಯಕ್ಕ ತಮಾಷೆಯೆಂದುಕೊಂಡು ನಕ್ಕಳು. ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದಳು.

"ಕೊಡದಿದ್ರೂ ಪರವಾಗಿಲ್ಲ" ಎಂದರು ಅತ್ತೆ ಮೆಲ್ಲಗೆ. "ಬುದ್ಧಿ ಬಂದಾಗಿನಿಂದ ದುಡಿದಿದ್ದೀನಿ. ಅಪ್ಪನ ಮನೇಲಿ, ಗಂಡನ ಮನೇಲಿ, ಊರವರ ಮನೇಲಿ. ಏನು ಕೊಟ್ರೆ ಅದನ್ನ ಗಂಡಸರ ಕೈಗೇ ಕೊಟ್ರು. ಸಂಬಳ ಎಷ್ಟು ಅಂತ ಒಂದು ಸಲವೂ ನಾನು ಯಾರನ್ನೂ ಕೇಳಿಲ್ಲ. ಕೇಳಿದ್ರೆ ಹೇಗಿರುತ್ತೆ ಅಂತ ನೋಡಿದೆ, ಅಷ್ಟೇ."

ಒಂದು ವರ್ಷ ಆ ಚೀಲ ತನ್ನ ಬಾಗಿಲ ಮುಂದೆ ಸೊಂಟ ಬದಲಾಯಿಸಿದಾಗಲೆಲ್ಲ ಹಲ್ಲು ಕಚ್ಚಿದ್ದ ಗಿರಣಿಯಕ್ಕ ಈಗ ಅತ್ತೆಯ ಶಾಯಿ ಹತ್ತಿದ ಕೈ ಹಿಡಿದುಕೊಂಡಳು.

"ಸರಿಯಾಗಿ ಕೇಳಿಸಲಿಲ್ಲ ಅತ್ತೆ" ಎಂದಳು. "ಇನ್ನೊಂದು ಸಲ ಕೇಳಿ."

ಅತ್ತೆ ಗಂಟಲು ಸರಿಮಾಡಿಕೊಂಡು, ಬಸ್ಸಿಗೆ ಕಾಯುತ್ತಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ, ಇನ್ನೊಂದು ಸಲ ಕೇಳಿದರು.